ಬೆಂಜಮಿನ್ ಪೊರ್ಬುಗಳ ಎಲೆ

ಬೆಳಿಗ್ಗೆ ಎದ್ದು ದೇವರ ಪಟ ನೋಡುವ ಮೊದಲು ಕಮಲಾವತಿ ನೆಲ ನೋಡುತ್ತಿದ್ದಳು. ನಡುಮನೆಯ ಕೆಂಪು ಸಿಮೆಂಟಿನ ಮೇಲೆ ಬೆಳಗಾಗುವುದರೊಳಗೆ ಎಷ್ಟು ಎಲೆ ಬಿದ್ದಿವೆ ಎಂಬುದರ ಮೇಲೆ ಅವಳ ಆ ದಿನ ನಿಂತಿರುತ್ತಿತ್ತು. ಏಳೆಂಟಾದರೆ ಹೇಗೋ ಹಲ್ಲುಜ್ಜಿ, ಒಲೆ ಹಚ್ಚಿ, ಗಂಡ ಪುಷ್ಪರಾಜನಿಗೆ ಕಾಫಿ ಮಾಡಿಕೊಡುತ್ತಿದ್ದಳು. ಇಪ್ಪತ್ತು ದಾಟಿದರೆ ಗಿಡದ ಕುಂಡದ ಪಕ್ಕದಲ್ಲೇ ಕೂತುಬಿಡುತ್ತಿದ್ದಳು. ಪುಷ್ಪರಾಜ ತಾನೇ ಹಾಲು ಕಾಯಿಸಿಕೊಳ್ಳಬೇಕಾಗುತ್ತಿತ್ತು. ಬಿದ್ದವು ಹಣ್ಣೆಲೆಗಳಾಗಿದ್ದರೆ ಮಾತು ಬೇರೆ, ವಯಸ್ಸಾಯಿತು ಎನ್ನಬಹುದು. ಇವು ಹಸಿರು ಎಲೆಗಳು. ನಿನ್ನೆ ಸಂಜೆ ಗಟ್ಟಿಯಾಗಿ ಕೊಂಬೆ ಹಿಡಿದುಕೊಂಡಿದ್ದವು, ಬೆಳಿಗ್ಗೆ ಏನೂ ಕಾರಣ ಹೇಳದೆ ನೆಲದ ಮೇಲಿರುತ್ತಿದ್ದವು.

ಮೂಡಬಿದಿರೆಯ ಆ ಓಣಿಯಲ್ಲಿ ಗಿಡವಿಲ್ಲದ ಅಂಗಳವಿಲ್ಲ. ಆದರೆ ಗಿಡವನ್ನು ಮನೆಯೊಳಗೆ ಕರೆದು ಕೂರಿಸುವ ಹುಚ್ಚು ಇದ್ದದ್ದು ಅವಳ ಮಗಳು ಅನಿಷಾಳಿಗೆ ಮಾತ್ರ. ಬಂಟ್ವಾಳದ ಒಂದು ಸಹಕಾರಿ ಸಂಘದಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಅಲ್ಲಿನ ಅಸ್ಕರನ ನರ್ಸರಿಯಿಂದ ಮೊಣಕಾಲೆತ್ತರದ ಗಿಡವೊಂದನ್ನು ತೊಡೆಯ ಮೇಲಿಟ್ಟುಕೊಂಡು ಸಿದ್ದಕಟ್ಟೆ ದಾರಿಯ ಬಸ್ಸಿನಲ್ಲಿ ಬಂದಿಳಿದಿದ್ದಳು. ಕುಂಡಕ್ಕೆ ಕಟ್ಟಿದ್ದ ಚೀಟಿಯಲ್ಲಿ ಫೈಕಸ್ ಬೆಂಜಮಿನಾ ಎಂದಿತ್ತು. "ಅಮ್ಮಾ, ಬೆಂಜಮಿನ್ ಪೊರ್ಬುಗಳು ಬಂದಿದ್ದಾರೆ, ಕುರ್ಚಿ ಕೊಡು," ಎಂದು ಬಾಗಿಲಲ್ಲೇ ಕೂಗಿದ್ದಳು. ಆ ಕಡೆ ಕ್ರಿಶ್ಚಿಯನ್ ಗೃಹಸ್ಥರನ್ನು ಗೌರವದಿಂದ ಪೊರ್ಬುಗಳು ಎನ್ನುತ್ತಾರೆ. ಮೂರು ತಲೆಮಾರಿನಿಂದ ಈರುಳ್ಳಿ ಕೂಡ ಹೊಸ್ತಿಲು ದಾಟದ ಜೈನರ ಮನೆಗೆ ಹೀಗೆ ಒಬ್ಬರು ಪೊರ್ಬುಗಳು ಬಂದು ಸೇರಿಕೊಂಡರು. ಅನಿಷಾಳ ಕೋಣೆಯ ಪೂರ್ವದ ಕಿಟಕಿಯಲ್ಲಿ ನಿಂತು ನಾಲ್ಕು ವರ್ಷದಲ್ಲಿ ಕಿಟಕಿಯ ಎತ್ತರ ಬೆಳೆದರು. ಸಣ್ಣ ಸಣ್ಣ ಎಲೆ, ಎಣ್ಣೆ ಹಚ್ಚಿದ ಹಾಗೆ ಹೊಳಪು.

ಕಳೆದ ವರ್ಷ ಜುಲೈಯಲ್ಲಿ ಅನಿಷಾಳಿಗೆ ಜ್ವರ ಬಂತು. ಮೂರನೆಯ ದಿನ ಡೆಂಗಿ ಎಂದರು, ಐದನೆಯ ದಿನ ಮಂಗಳೂರಿನ ಆಸ್ಪತ್ರೆಗೆ ಒಯ್ದರು. ಅಲ್ಲಿ ಅವಳು ಸರಿಯಾಗಿ ಆಡಿದ ಕೊನೆಯ ಮಾತು ಗಿಡದ್ದೇ. "ಪೊರ್ಬುಗಳಿಗೆ ನೀರು ಹಾಕಿದ್ದೀಯಾ? ಎಲೆ ಉದುರದ ಹಾಗೆ ನೋಡಿಕೊಳ್ಳಮ್ಮ, ಅವರದ್ದು ಸ್ವಲ್ಪ ಸೊಕ್ಕಿನ ಜಾತಿ." ಕಮಲಾವತಿ ಮಗಳ ಕೈ ಹಿಡಿದು, "ಒಂದೆಲೆ ಉದುರಲಿಕ್ಕೆ ಬಿಡುದಿಲ್ಲ. ನೀನು ಮೊದಲು ಮನೆಗೆ ಬಾ," ಎಂದಿದ್ದಳು. ಅನಿಷಾ ಮನೆಗೆ ಬಂದಳು, ಆಂಬುಲೆನ್ಸಿನಲ್ಲಿ, ಬಿಳಿ ಬಟ್ಟೆ ಹೊದ್ದು. ಅವಳಿಗೆ ಇಪ್ಪತ್ತಾರು.

ಮಾತು ಕೊಟ್ಟವಳು ಉಳಿದಳು. ಅನಿಷಾಳ ಕೋಣೆಗೆ ಬೀಗ ಬಿತ್ತು. ಎರಡು ದಿನಕ್ಕೊಮ್ಮೆ ಕಮಲಾವತಿ ಒಬ್ಬಳೇ ಒಳಗೆ ಹೋಗಿ ಒಂದು ಚೊಂಬು ನೀರು ಹಾಕಿ, ಬೀಗ ಹಾಕಿಕೊಂಡು ಬರುತ್ತಿದ್ದಳು. ಮಾತು ಕಡಿಮೆಯಾಯಿತು. ಇಪ್ಪತ್ತು ವರ್ಷದಿಂದ ಬಸದಿಯ ಪಾಠಶಾಲೆಯಲ್ಲಿ ಭಾನುವಾರ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು ಅಲ್ಲಿಗೂ ಹೋಗುವುದು ಬಿಟ್ಟಳು. ಆದರೆ ಆ ಆರು ತಿಂಗಳಲ್ಲಿ ಪೊರ್ಬುಗಳ ಎಲೆ ಉದುರಲಿಲ್ಲ. ಬದುಕಿನಲ್ಲಿ ಸರಿಯಾಗಿ ನಡೆಯುತ್ತಿದ್ದದ್ದು ಅದೊಂದೇ.

ಜನವರಿಯಲ್ಲಿ ಪುಷ್ಪರಾಜನಿಗೆ ಒಂದು ಒಳ್ಳೆಯ ಬುದ್ಧಿ ಬಂತು. ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡಿರುವ ಸಾಧು ಮನುಷ್ಯ, ಹೆಂಡತಿಯ ಮೌನಕ್ಕೆ ಹೆದರಿ ಹೋಗಿದ್ದ. ಬೀಗ ಹಾಕಿದ ಕೋಣೆಯಿಂದಲೇ ಇದೆಲ್ಲ ಎಂದುಕೊಂಡ. "ಗೋಡೆಗೆ ಬೂಷ್ಟು ಹಿಡಿದಿದೆ ಕಮಲ. ಒಮ್ಮೆ ಪೈಂಟ್ ಮಾಡಿಸಿ ಕಿಟಕಿ ಬಾಗಿಲು ತೆಗೆದಿಡುವ," ಎಂದ. ಅವಳು ಬೇಡ ಎನ್ನಲಿಲ್ಲ, ಬೇಕು ಎಂದೂ ಅನ್ನಲಿಲ್ಲ. ಪೈಂಟಿನವರು ಬಂದು ಮಂಚ, ಕಪಾಟು, ಗಿಡ ಎಲ್ಲವನ್ನೂ ನಡುಮನೆಗೆ ಎಳೆದು ಹಾಕಿದರು. ಪೈಂಟಿನ ವಾಸನೆ ಹೋಗುವವರೆಗೆ ಗಿಡ ಅಲ್ಲೇ ಇರಲಿ ಎಂದಾಯಿತು. ನಾಲ್ಕನೆಯ ದಿನ ಮೊದಲ ಎಲೆ ಬಿತ್ತು. ಎಂಟನೆಯ ದಿನ ಗುಡಿಸುವಷ್ಟು ಬಿತ್ತು.

ಅಲ್ಲಿಂದ ಶುರುವಾಯಿತು ಉಪಚಾರ. ನಮ್ಮಲ್ಲಿ ರೋಗಿಗಿಂತ ವೈದ್ಯರು ಯಾವಾಗಲೂ ಜಾಸ್ತಿ. ಪಕ್ಕದ ಮನೆಯವರು ಬಂದು ನೋಡಿ, ಬಿಸಿಲು ಸಾಲದು, ಜಗಲಿಗೆ ಇಡಿ ಎಂದರು. ಜಗಲಿಗೆ ಹೋಯಿತು. ಅಲ್ಲಿ ಇನ್ನಷ್ಟು ಉದುರಿತು. ಬೆಳ್ತಂಗಡಿಯಿಂದ ನಾದಿನಿ ಫೋನಿನಲ್ಲಿ, ಬಿಸಿಲಿಗೆ ಸೀದು ಹೋಗುತ್ತಿದೆ ಅತ್ತಿಗೆ, ತಂಪಿನಲ್ಲಿಡಿ ಎಂದಳು. ಅಡಿಗೆಮನೆಯ ಹಿಂದಿನ ಚಾವಡಿಗೆ ಹೋಯಿತು. ಮೊಬೈಲಿನ ವೀಡಿಯೋದಲ್ಲಿ ಒಬ್ಬ ಗಡ್ಡದವನು ನೀರು ಕಡಿಮೆ ಮಾಡಿ ಎಂದ, ಇನ್ನೊಬ್ಬಳು ದಿನಕ್ಕೆರಡು ಸಲ ಎಲೆಗೆ ನೀರು ಚಿಮುಕಿಸಿ ಎಂದಳು. ಅಕ್ಕಿ ತೊಳೆದ ನೀರು ಹಾಕಿದ್ದಾಯಿತು, ಸೆಗಣಿ ಕದಡಿ ಹಾಕಿದ್ದಾಯಿತು, ಫ್ಯಾನು ನಿಲ್ಲಿಸಿ ಸೆಕೆಯಲ್ಲಿ ಬೆವರಿದ್ದೂ ಆಯಿತು. ಪ್ರತಿ ಸಲವೂ ಕಮಲಾವತಿ ನಾಲ್ಕು ದಿನ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು, ಐದನೆಯ ದಿನ ಜಾಗ ಬದಲಿಸುತ್ತಿದ್ದಳು. ಅಸ್ಕರನನ್ನೇ ಕೇಳಬಹುದಿತ್ತು. ಆದರೆ ಅಲ್ಲಿಗೆ ಹೋಗಬೇಕಾದರೆ ಅನಿಷಾ ದಿನಾ ಹೋಗುತ್ತಿದ್ದ ಬಸ್ಸು ಹತ್ತಬೇಕು, ಅವಳ ಗುರುತಿನ ಕಂಡಕ್ಟರನಿಂದ ಟಿಕೆಟು ತೆಗೆದುಕೊಳ್ಳಬೇಕು. ಅಷ್ಟು ಧೈರ್ಯ ಅವಳಿಗಿರಲಿಲ್ಲ.

ಹುಳ ಕಂಡುಹಿಡಿದದ್ದು ಸೇಸಮ್ಮ. ನಾರಾವಿ ಕಡೆಯ ಹೆಂಗಸು, ಮಗಳ ಮನೆಯಲ್ಲಿದ್ದುಕೊಂಡು ನಾಲ್ಕು ಮನೆಯ ಅಂಗಳ ಗುಡಿಸಿ ಹೋಗುತ್ತಿದ್ದವಳು. ಗಿಡದ ಮೇಲೆ ಅವಳಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. "ಇದು ಗೋಳಿ, ಆಲ, ಆ ಮರಗಳ ಜಾತಿ ಅಮ್ಮ. ಇದನ್ನೆಲ್ಲ ಕಟ್ಟೆ ಕಟ್ಟಿ ಹೊರಗೆ ಇಡುದು, ಸೋಫಾದ ಹತ್ತಿರ ಅಲ್ಲ," ಎನ್ನುತ್ತಿದ್ದಳು. ಫೆಬ್ರವರಿಯ ಒಂದು ಬೆಳಿಗ್ಗೆ ಪೊರಕೆ ಕೆಳಗಿಟ್ಟು ಕೊಂಬೆಯೊಂದನ್ನು ಬಗ್ಗಿಸಿದಳು.

"ಅಮ್ಮಾ, ಇಲ್ಲಿ ನೋಡಿ. ಹುಳ ಉಂಟು."

ಎಲೆಯ ತೊಟ್ಟು ಕೊಂಬೆಗೆ ಸೇರುವಲ್ಲಿ ಹತ್ತಿಯ ಎಳೆಯಂಥದ್ದೇನೋ ಅಂಟಿಕೊಂಡಿತ್ತು. ಕಮಲಾವತಿ ಕನ್ನಡಕ ಹಾಕಿಕೊಂಡು ನೋಡಿದಳು. ಹಿಟ್ಟು ಮೆತ್ತಿಕೊಂಡ ಹಾಗೆ ಬಿಳೀ ಹುಳ, ಎಳ್ಳಿನಷ್ಟು ದೊಡ್ಡದು. ನೋಡುತ್ತಿದ್ದಂತೆ ಒಂದು ಮೆಲ್ಲನೆ ಕಾಲು ಆಡಿಸಿತು.

"ಹಾಗಾದರೆ ಎಲೆ ಉದುರುದು ಇದರಿಂದಲಾ?"

"ಮತ್ತೆ? ರಸ ಹೀರುದಲ್ವಾ ಅದು. ನಾಳೆ ಬೇವಿನೆಣ್ಣೆ ತರ್ತೇನೆ. ಸೋಪು ನೀರಿಗೆ ಹಾಕಿ ಒಂದು ಸಲ ಹೊಡೆದರೆ ಆಯ್ತು, ಎಲ್ಲ ಸಾಯ್ತವೆ."

"ಬೇಡ," ಎಂದಳು ಕಮಲಾವತಿ. ಬಾಯಿ ತಾನಾಗಿ ಆಡಿದ ಮಾತು ಅದು. ಸೇಸಮ್ಮ ಅವಳ ಮುಖ ನೋಡಿ, ದೊಡ್ಡವರ ಮನೆಯ ಸಂಗತಿ ತನಗೆ ಯಾಕೆ ಎಂದು ಪೊರಕೆ ಎತ್ತಿಕೊಂಡಳು.

ಬೇಡ ಎಂದದ್ದಕ್ಕೆ ಕಾರಣ ಬಹಳ ಹಳೆಯದು. ಬುದ್ಧಿಪೂರ್ವಕವಾಗಿ ಒಂದು ಚಲಿಸುವ ಜೀವವನ್ನೂ ಕೊಲ್ಲುವುದಿಲ್ಲ ಎಂದು ಕಮಲಾವತಿ ವ್ರತ ತೆಗೆದುಕೊಂಡದ್ದು ಮದುವೆಗೂ ಮೊದಲು, ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಪಾಠಶಾಲೆಯಲ್ಲಿ ಮಕ್ಕಳ ಬೆರಳು ಹಿಡಿದು ಅವಳು ಕಲಿಸುತ್ತಿದ್ದದ್ದೂ ಅದೇ ಲೆಕ್ಕ. ಗಿಡಮರಕ್ಕೆ ಒಂದೇ ಇಂದ್ರಿಯ, ಮುಟ್ಟಿದ್ದು ತಿಳಿಯುತ್ತದೆ, ಅಷ್ಟೇ. ಎರೆಹುಳಕ್ಕೆ ಎರಡು. ಇರುವೆ, ತಿಗಣೆಗೆ ಮೂರು. ನೊಣ, ಸೊಳ್ಳೆಗೆ ಕಣ್ಣೂ ಸೇರಿ ನಾಲ್ಕು. ಮನುಷ್ಯರಿಗೆ ಐದು. ಎಂಟು ವರ್ಷದ ಅನಿಷಾ ಒಂದು ಭಾನುವಾರ ಎದ್ದು ನಿಂತು, "ಸೊಳ್ಳೆಗೆ ನಾಲ್ಕು, ನನಗೆ ಐದು. ಒಂದೇ ಅಲ್ವಾ ಟೀಚರ್ ಹೆಚ್ಚು?" ಎಂದು ಕೇಳಿದ್ದಳು. ಪಾಠಶಾಲೆಯಲ್ಲಿ ಅಮ್ಮನನ್ನು ಟೀಚರ್ ಎಂದೇ ಕರೆಯುತ್ತಿದ್ದಳು. ಕಮಲಾವತಿಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, "ಅದೇ ಮಗಾ, ಅಷ್ಟೇ ವ್ಯತ್ಯಾಸ," ಎಂದು ಎಲ್ಲ ಮಕ್ಕಳಿಂದ ಚಪ್ಪಾಳೆ ತಟ್ಟಿಸಿದ್ದಳು.

ಆ ಲೆಕ್ಕದಲ್ಲಿ ನೋಡಿದರೆ ಗಿಡಕ್ಕೆ ಒಂದು, ಹುಳಕ್ಕೆ ಮೂರು. ಒಂದನ್ನು ಉಳಿಸಲಿಕ್ಕೆ ಮೂರನ್ನು ಕೊಲ್ಲುವ ಹಾಗಿಲ್ಲ. ಹಾಗಂತ ಮಗಳಿಗೆ ಕೊಟ್ಟ ಮಾತು ಬಿಡುವ ಹಾಗೂ ಇಲ್ಲ. ಕಮಲಾವತಿ ಮಧ್ಯದ ದಾರಿ ಹುಡುಕಿದಳು. ದಿನಾ ಪೂಜೆ ಮುಗಿಸಿ, ಕುಂಡವನ್ನು ಎಳೆದುಕೊಂಡು ಅಂಗಳದ ಬೆಳಕಿಗೆ ಹೋಗುವಳು. ದೀಪಕ್ಕೆ ಹೊಸೆದ ಹತ್ತಿಯ ಬತ್ತಿಯ ತುದಿಯಿಂದ ಒಂದೊಂದೇ ಹುಳವನ್ನು ನೋವಾಗದಂತೆ ಎಬ್ಬಿಸಿ, ಬಾಳೆಲೆಯ ತುಂಡಿನ ಮೇಲಿಳಿಸಿ, ಬೇಲಿಯ ದಾಸವಾಳಕ್ಕೆ ಬಿಟ್ಟು ಬರುವಳು. ಒಂದೂವರೆ ಗಂಟೆಯ ಕೆಲಸ. ಮುಗಿದ ಮೇಲೆ ಕುಂಡವನ್ನು ಮತ್ತೆ ಒಳಗೆ ಎಳೆದುಕೊಂಡು ಬರುವಳು. ಸೇಸಮ್ಮ ಇದನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡಳು. ಹುಳಗಳಿಗೆ ಬಾಡಿಗೆ ಮನೆ ಮಾಡಿಕೊಡುವವರನ್ನು ಅವಳು ಈವರೆಗೆ ನೋಡಿರಲಿಲ್ಲ. ಹುಳ ಹತ್ತು ಹೋದರೆ ಇಪ್ಪತ್ತು ಹುಟ್ಟುತ್ತಿದ್ದವು. ಎಲೆ ಉದುರುತ್ತಲೇ ಇತ್ತು. ದಾಸವಾಳವೂ ಮುರುಟಿಕೊಂಡಿತು.

ಹೀಗೆ ಹದಿನೈದು ದಿನವಾದ ಮೇಲೆ, ಬತ್ತಿಯ ತುದಿಯಲ್ಲಿ ಒಂದು ಹುಳ ಹೊತ್ತುಕೊಂಡು ಅಂಗಳ ದಾಟುತ್ತಿದ್ದಾಗ, ಕಮಲಾವತಿಯ ಕಾಲು ನಿಂತುಹೋಯಿತು. ಇದನ್ನು ತಾನು ಮೊದಲೂ ಮಾಡಿದ್ದೇನೆ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಎಂಟು ತಿಂಗಳಿಂದ ಗೊತ್ತಿತ್ತು. ಯಾರಿಗೂ ಹೇಳಿರಲಿಲ್ಲ, ಗಂಡನಿಗೂ ಹೇಳಿರಲಿಲ್ಲ.

ಕಳೆದ ವರ್ಷ ಜೂನ್ ತಿಂಗಳಲ್ಲಿ ಆಶಾ ಕಾರ್ಯಕರ್ತೆ ಓಣಿಯ ಮನೆಮನೆಗೆ ಬಂದಿದ್ದಳು. ತೊಟ್ಟಿ, ಡ್ರಮ್ಮು, ಹೂಕುಂಡ ಎಲ್ಲ ನೋಡಿ, ಅನಿಷಾಳ ಕೋಣೆಯಲ್ಲಿ ಪೊರ್ಬುಗಳ ಕುಂಡದಡಿಯ ತಟ್ಟೆಯನ್ನು ಎಳೆದು ತೋರಿಸಿದಳು. ತಟ್ಟೆಯ ನೀರಿನಲ್ಲಿ ಕೂದಲಿನಷ್ಟು ಸಣ್ಣ ಮರಿಗಳು ಕೊಂಕುತ್ತ ಕೊಂಕುತ್ತ ಈಜುತ್ತಿದ್ದವು. "ಇದು ಡೆಂಗಿ ಸೊಳ್ಳೆಯ ಲಾರ್ವ ಅಮ್ಮ. ಬಿಸಿಲಿಗೆ ಮಣ್ಣಿನ ಮೇಲೆ ಚೆಲ್ಲಿಬಿಡಿ, ಸಾಯ್ತವೆ," ಎಂದು ಹೇಳಿ, ಪುಸ್ತಕದಲ್ಲಿ ಗುರುತು ಹಾಕಿಕೊಂಡು ಮುಂದಿನ ಮನೆಗೆ ಹೋದಳು.

ಕಮಲಾವತಿ ತಟ್ಟೆ ಹಿಡಿದುಕೊಂಡು ಅಂಗಳದವರೆಗೆ ಬಂದಳು. ಚೆಲ್ಲಲು ಕೈ ಏಳಲಿಲ್ಲ. ಹುಟ್ಟಿದಾಗಿನಿಂದ ಕಂಡ ಕ್ರಮ ಬೇರೆ. ಬಾವಿಯ ನೀರನ್ನು ಇಮ್ಮಡಿ ಬಟ್ಟೆಯಲ್ಲಿ ಸೋಸುವುದು, ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಹಾಗೆಯೇ ಹಿಂಡಿ ಹಾಕದೆ, ಸೋಸಿದ ನೀರಿನಿಂದ ತೊಳೆದು ಮೆಲ್ಲನೆ ಅವು ಬಂದ ನೀರಿಗೇ ಬಿಡುವುದು. ಅವಳ ಅಮ್ಮ ಹಾಗೆ ಮಾಡುತ್ತಿದ್ದಳು, ಅಜ್ಜಿ ಹಾಗೆ ಮಾಡುತ್ತಿದ್ದಳು. ಇವು ಕಣ್ಣಿಗೆ ಕಾಣುವ ಜೀವಗಳು, ಬಾಲ ಆಡಿಸುವ ಜೀವಗಳು. ಅವಳು ಒಳಗೆ ಹೋಗಿ ಬಟ್ಟೆ ತಂದಳು, ತಟ್ಟೆಯ ನೀರನ್ನು ಸೋಸಿದಳು, ಬಟ್ಟೆಯನ್ನು ಬಾವಿಯ ಪಕ್ಕದ ಕಲ್ಲಿನ ಮರಿಗೆಯ ನೀರಿನಲ್ಲಿ ಅದ್ದಿ ಎಲ್ಲವನ್ನೂ ಬಿಟ್ಟಳು. ಅವು ಸಂತೋಷದಿಂದ ಈಜಿಕೊಂಡು ಹೋದವು. ಆ ದಿನ ಅವಳ ಮನಸ್ಸಿಗೂ ಸಮಾಧಾನವಾಗಿತ್ತು. ತಿಂಗಳು ತುಂಬುವುದರೊಳಗೆ ಅನಿಷಾಳಿಗೆ ಜ್ವರ ಬಂತು.

ಡಾಕ್ಟರು ಹೇಳಿದ್ದರು, ಯಾವ ಸೊಳ್ಳೆ, ಎಲ್ಲಿಯದು ಎಂದು ಯಾರಿಗೂ ಹೇಳಲಾಗುವುದಿಲ್ಲ ಎಂದು. ಬಸ್ಸಿನಲ್ಲಿ ಕಚ್ಚಿರಬಹುದು, ಆಫೀಸಿನಲ್ಲಿ ಕಚ್ಚಿರಬಹುದು. ಓಣಿಯಲ್ಲಿ ಇನ್ನೂ ಇಬ್ಬರಿಗೆ ಜ್ವರ ಬಂದು ವಾಸಿಯಾಗಿತ್ತು. ಪುಷ್ಪರಾಜ ಆ ಮಾತು ಹಿಡಿದುಕೊಂಡು ಬದುಕುತ್ತಿದ್ದ. ಕಮಲಾವತಿಗೆ ಹಿಡಿದುಕೊಳ್ಳಲು ಆಗುತ್ತಿರಲಿಲ್ಲ. ಅವಳ ಕಣ್ಣಿಗೆ ಬಟ್ಟೆಯಿಂದ ಇಳಿದು ಈಜಿಹೋದ ಮರಿಗಳೇ ಕಾಣುತ್ತಿದ್ದವು.

ಈಗ ಬತ್ತಿಯ ತುದಿಯಲ್ಲಿ ಹುಳ, ಹಿಂದೆ ಅರ್ಧ ಬೋಳಾದ ಗಿಡ. ದೇವರು ಅದೇ ಪ್ರಶ್ನೆಯನ್ನು ಎರಡನೆಯ ಸಲ ಕೇಳುತ್ತಿದ್ದಾನೆ ಎಂದು ಅವಳಿಗೆ ಅನ್ನಿಸಿತು. ನಮ್ಮ ದೇವರು ಪ್ರಶ್ನೆ ಕೇಳುವವನಲ್ಲ, ಯಾರಿಗೂ ಏನೂ ಮಾಡದೆ ಸುಮ್ಮನೆ ಕೂತಿರುವವನು ಎಂದು ಅವಳೇ ಮಕ್ಕಳಿಗೆ ಹೇಳಿಕೊಟ್ಟಿದ್ದಳು. ಆದರೂ ಹಾಗೆಯೇ ಅನ್ನಿಸಿತು. ಕಳೆದ ಸಲ ಮಗಳನ್ನು ಕೊಟ್ಟು ವ್ರತ ಉಳಿಸಿಕೊಂಡಳು. ಈ ಸಲವೂ ಹುಳವನ್ನೇ ಉಳಿಸಿದರೆ, ಮಗಳು ಕೇಳಿಹೋದ ಇಷ್ಟೇ ಇಷ್ಟನ್ನೂ ಬಿಟ್ಟುಕೊಟ್ಟ ಹಾಗಾಗುತ್ತದೆ. ಅವಳು ಬತ್ತಿಯನ್ನು ನೆಲಕ್ಕೆ ಹಾಕಿದಳು.

"ಸೇಸಮ್ಮ, ಆ ಎಣ್ಣೆ ಹೇಳಿದ್ದೀಯಲ್ಲ. ನಾಳೆ ತಾ."

"ಹೊಡೆಯುದು ನಾನೇ ಹೊಡೀತೇನೆ ಅಮ್ಮ. ನಿಮಗೆ ಆ ಪಾಪ ಎಲ್ಲ ಬೇಡ."

"ಬೇಡ. ನಾನೇ ಮಾಡ್ತೇನೆ."

ಮರುದಿನ ಪುಷ್ಪರಾಜ ಅಂಗಡಿಗೆ ಹೋದ ಮೇಲೆ ಎಣ್ಣೆ, ಸೋಪು, ನೀರು ಬಾಟಲಿಗೆ ಹಾಕಿ ಕುಲುಕಿದಳು. ಕೈ ನಡುಗುತ್ತದೆ ಎಂದುಕೊಂಡಿದ್ದಳು, ನಡುಗಲಿಲ್ಲ. ಕಣ್ಣಿಗೆ ಕತ್ತಲೆ ಬರಬಹುದು ಎಂದು ಸೇಸಮ್ಮನನ್ನು ಹತ್ತಿರ ನಿಲ್ಲಿಸಿಕೊಂಡಿದ್ದಳು, ಬರಲಿಲ್ಲ. ಬೆರಳಿನಿಂದ ಒತ್ತಿದರೆ ಚುಸ್ ಎಂದು ಬರುತ್ತಿತ್ತು. ಬಿಳೀ ಹುಳಗಳು ಒದ್ದೆಯಾಗಿ ಕಂದಿ, ಒಂದಷ್ಟು ಹೊತ್ತು ಕಾಲಾಡಿಸಿ ನಿಂತವು. ಹತ್ತು ನಿಮಿಷಕ್ಕೆ ಎಲ್ಲ ಮುಗಿದಿತ್ತು. ಮೂವತ್ತೊಂದು ವರ್ಷದ ವ್ರತ ಎಂದರೆ ಮುರಿಯುವಾಗ ಒಂದಿಷ್ಟಾದರೂ ಸದ್ದು ಮಾಡಬೇಡವೇ? ಅವಳು ಕೈ ತೊಳೆದುಕೊಂಡು ಅಕ್ಕಿ ಆರಿಸಲು ಕೂತಳು. ಸೇಸಮ್ಮ, "ಇನ್ನು ನೋಡಿ, ವಾರದಲ್ಲಿ ಚಿಗುರ್ತದೆ," ಎಂದು ಹೇಳಿ ಹೋದಳು.

ಚಿಗುರಲಿಲ್ಲ. ಹುಳಗಳು ಒಂದೂ ಉಳಿಯಲಿಲ್ಲ, ಅದು ನಿಜ. ಎಲೆ ಮಾತ್ರ ಮೊದಲಿಗಿಂತ ಜೋರಾಗಿ ಉದುರಿತು. ನಾಲ್ಕು ದಿನ ಕಾದಳು, ಆರು ದಿನ ಕಾದಳು. ಹತ್ತನೆಯ ದಿನ ಮೇಲ್ಗಡೆಯ ಕೊಂಬೆಗಳೆಲ್ಲ ಕಡ್ಡಿಯಾಗಿ, ಕೆಳಗೊಂದು ಕೊಂಬೆಯಲ್ಲಿ ಹತ್ತಿಪ್ಪತ್ತು ಎಲೆ ಉಳಿದಿದ್ದವು. ಮನೆಯ ಯಾವ ಮೂಲೆಗೆ ಇಡುವುದು ಎಂದು ಸುತ್ತ ನೋಡಿದರೆ, ಇಡದೇ ಇದ್ದ ಮೂಲೆಯೇ ಇರಲಿಲ್ಲ. ಇನ್ನು ಕಳೆದುಕೊಳ್ಳಲಿಕ್ಕೆ ಏನಿದೆ ಎಂಬ ಹಂತ ಬಂದಾಗ ಮನುಷ್ಯರಿಗೆ ಎಲ್ಲಿಂದಲೋ ಧೈರ್ಯ ಬರುತ್ತದೆ. ಹನ್ನೆರಡನೆಯ ದಿನ ಕಮಲಾವತಿ ಸೀರೆ ಬದಲಿಸಿ, ಉದುರಿದ ನಾಲ್ಕು ಎಲೆಗಳನ್ನು ಕಾಗದದಲ್ಲಿ ಸುತ್ತಿಕೊಂಡು ಸಿದ್ದಕಟ್ಟೆ ಬಸ್ಸು ಹತ್ತಿದಳು.

ಕಂಡಕ್ಟರು ಹೊಸಬ. ಟಿಕೆಟು ಕೊಟ್ಟು ಮುಖ ಕೂಡ ನೋಡಲಿಲ್ಲ. ಆ ಬಸ್ಸಿಗೆ ಇಷ್ಟು ತಿಂಗಳು ಹೆದರಿಕೊಂಡು ಕೂತದ್ದು ಯಾತಕ್ಕೆ ಎಂದು ಅವಳಿಗೆ ತನ್ನ ಮೇಲೆ ಸಿಟ್ಟು ಬಂತು.

ಅಸ್ಕರನ ನರ್ಸರಿ ಬಂಟ್ವಾಳದಲ್ಲಿ ರಸ್ತೆಯ ಪಕ್ಕ, ಹಸಿರು ಬಲೆಯ ಚಪ್ಪರದ ಕೆಳಗೆ. ನಲವತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ, ಪೈಪು ಹಿಡಿದು ನೀರು ಬಿಡುತ್ತಿದ್ದ. ಅವಳು ಕಾಗದ ಬಿಡಿಸಿ ಎಲೆ ತೋರಿಸಿದಳು. ಮೊಬೈಲಿನಲ್ಲಿದ್ದ ಫೋಟೋ ತೋರಿಸಿದಳು. ಅವನು ಫೋಟೋ ಹಿಗ್ಗಿಸಿ ನೋಡಿ ಕುಂಡದ ಗುರುತು ಹಿಡಿದ.

"ಇದು ಆ ಮೂಡಬಿದಿರೆಯ ಟೀಚರಮ್ಮನ ಮಗಳು ಕೊಂಡೋದ ಫೈಕಸ್ ಅಲ್ವಾ? ನೀವು ಅವರ ಅಮ್ಮನಾ? ಅವರು ಯಾವಾಗಲೂ ಬಸ್ಸಿಗೆ ಕಾಯುವಾಗ ಇಲ್ಲಿ ಬಂದು ಮಾತಾಡ್ತಿದ್ದರು. ಈಗ ಕಾಣುದೇ ಇಲ್ಲ. ಮದುವೆ ಆಯ್ತಾ?"

"ಇಲ್ಲ," ಎಂದಳು ಕಮಲಾವತಿ. "ತೀರಿಹೋದಳು. ಕಳೆದ ವರ್ಷ. ಡೆಂಗಿಯಲ್ಲಿ," ಎಂದಳು.

ಅಸ್ಕರ್ ಪೈಪು ಕೆಳಗೆ ಬಿಟ್ಟ. ನೀರು ಅವನ ಕಾಲಮೇಲೆಯೇ ಹರಿಯುತ್ತಿತ್ತು. ಪ್ಲಾಸ್ಟಿಕ್ ಸ್ಟೂಲು ತಂದು ಅವಳನ್ನು ಕೂರಿಸಿದ. ಅವಳಿಗೆ ಕೂರುವ ವ್ಯವಧಾನವಿರಲಿಲ್ಲ. ಬಿಸಿಲು, ತಂಪು, ನೀರು, ಸೆಗಣಿ, ಹುಳ, ಎಣ್ಣೆ, ಮಾಡಿದ್ದೆಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅವನು ತಲೆ ತಗ್ಗಿಸಿಕೊಂಡು ಪೂರ್ತಿ ಕೇಳಿದ.

"ಅಕ್ಕ, ಬೇಜಾರು ಮಾಡಬೇಡಿ. ಈ ಗಿಡಕ್ಕೆ ಒಂದೇ ಒಂದು ಗುಣ. ಇಟ್ಟ ಜಾಗದಿಂದ ತೆಗೆದರೆ ಎಲೆ ಉದುರಿಸ್ತದೆ. ಹೊಸ ಜಾಗಕ್ಕೆ ಹೊಂದಿಕೊಳ್ಳಲಿಕ್ಕೆ ಅದಕ್ಕೆ ತಿಂಗಳುಗಟ್ಟಲೆ ಬೇಕು. ನಿಮ್ಮ ಮಗಳಿಗೆ ನಾನು ಅದನ್ನೇ ಹೇಳಿದ್ದೆ. ಎಲೆ ಉದುರದ ಹಾಗೆ ಎಂತ ಮಾಡಬೇಕು ಅಂತ ಕೇಳಿದ್ದರು. ಎಂತದೂ ಮಾಡಬಾರದು, ಸುಮ್ಮನೆ ಬಿಡಬೇಕು ಅಂತ ಹೇಳಿದ್ದೆ."

"ಮತ್ತೆ ಹುಳ?"

"ಹಿಟ್ಟು ಹುಳ ಇದ್ದದ್ದೇ. ನಾಲ್ಕು ಹುಳಕ್ಕೆ ಇಷ್ಟು ದೊಡ್ಡ ಗಿಡ ಬೋಳಾಗುದಿಲ್ಲ. ಉದುರಿದ್ದು ಅದರಿಂದ ಅಲ್ಲ."

"ಅದರಿಂದ ಅಲ್ಲ," ಎಂದಳು ಅವಳು.

"ಅಲ್ಲ ಅಕ್ಕ. ದಿನಾ ಹೊರಗೆ ಒಳಗೆ ಎಳೆದದ್ದೇ ಜಾಸ್ತಿಯಾದದ್ದು." ಅವಳ ಮುಖ ನೋಡಿ ಅವನಿಗೆ ತಾನು ಹೇಳಬಾರದ್ದು ಹೇಳಿದೆನೇನೋ ಅನ್ನಿಸಿರಬೇಕು. "ಒಂದು ಕೆಲಸ ಮಾಡಿ. ಕಾಂಡವನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರು ಇದ್ದರೆ ಜೀವ ಉಂಟು ಅಂತ. ಹಾಗಾದರೆ ಇದ್ದಲ್ಲಿಯೇ ಬಿಡಿ, ಬರ್ತದೆ. ಇಲ್ಲದಿದ್ದರೆ ನಾನು ಬೇರೆ ಗಿಡ ಕೊಡ್ತೇನೆ, ನೀವು ಎಂತದೂ ಕೊಡುದು ಬೇಡ."

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೆರೆದಳು. ಮೇಲಿನ ಕೊಂಬೆ ಕಂದು. ನಡುವಿನ ಕೊಂಬೆ ಕಂದು. ಮಣ್ಣಿಗೆ ಒಂದು ಗೇಣು ಮೇಲೆ, ದಪ್ಪ ಕಾಂಡದಲ್ಲಿ ಕೆರೆದಳು. ಉಗುರಿನಡಿಗೆ ಒಣ ಹುಡಿ ಬಂತು. ಉಳಿದಿದ್ದ ಹತ್ತಿಪ್ಪತ್ತು ಎಲೆಗಳು ಹಸಿರಾಗಿಯೇ ಇದ್ದವು, ಅವಕ್ಕೆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಅವಳು ಅಳಲಿಲ್ಲ. ಅಳು ಬಂದಿದ್ದರೆ ಒಳ್ಳೆಯದಿತ್ತು. ಬಂದದ್ದು ಬೇರೆ. ಗಿಡ ಹೋಯಿತು, ಮಾತು ಹೋಯಿತು, ವ್ರತ ಹೋಯಿತು, ಹುಳಗಳು ವಿನಾಕಾರಣ ಸತ್ತವು. ಇದೆಲ್ಲ ಒಂದು ತೂಕ. ಅದಕ್ಕಿಂತ ಭಾರವಾದದ್ದು ಇನ್ನೊಂದಿತ್ತು. ಕೊಲ್ಲಲು ತನಗೆ ಆಗುವುದಿಲ್ಲ, ಸ್ವಭಾವದಲ್ಲೇ ಇಲ್ಲ, ಆ ದಿನ ತಟ್ಟೆ ಹಿಡಿದು ನಿಂತಾಗ ಬೇರೆ ದಾರಿಯೇ ಇರಲಿಲ್ಲ ಎಂದು ಎಂಟು ತಿಂಗಳು ತನಗೆ ತಾನೇ ಹೇಳಿಕೊಂಡು ಬಂದಿದ್ದಳು. ಒಂದು ಗಿಡಕ್ಕೋಸ್ಕರ ಆಯಿತು. ಹತ್ತು ನಿಮಿಷದಲ್ಲಿ, ಕೈ ನಡುಗದೆ ಆಯಿತು. ಹಾಗಾದರೆ ಆ ದಿನವೂ ಆಗುತ್ತಿತ್ತು.

ಪುಷ್ಪರಾಜ ಐದೂವರೆಗೆ ಅಂಗಡಿಯಿಂದ ಬಂದ. ಆ ಮನೆಯಲ್ಲಿ ಸಂಜೆಯ ಊಟ ಸೂರ್ಯ ಮುಳುಗುವುದರೊಳಗೆ ಮುಗಿಯಬೇಕು. ಅವಳು ಚಪಾತಿ, ಹೆಸರುಕಾಳಿನ ಪಲ್ಯ ಬಡಿಸಿ ಎದುರು ಕೂತಳು. ಎದುರು ಕೂತದ್ದೇ ಅವನಿಗೆ ಆಶ್ಚರ್ಯ.

"ಇವತ್ತು ಬಂಟ್ವಾಳಕ್ಕೆ ಹೋಗಿದ್ದೆ."

"ಒಬ್ಬಳೇ? ಬಸ್ಸಿನಲ್ಲಾ?"

"ಹೌದು. ಗಿಡ ಸತ್ತಿದೆ." ಅವಳು ನೀರಿನ ಲೋಟವನ್ನು ಅವನ ಕಡೆ ಸರಿಸಿದಳು. "ನಾನು ಕೊಂದೆ."

ಅವನು ಅಗಿಯುವುದನ್ನು ನಿಲ್ಲಿಸಿದ.

"ಹುಳಗಳನ್ನು," ಎಂದಳು. "ಎಣ್ಣೆ ಹೊಡೆದು. ನಿಮಗೆ ಹೇಳಿರಲಿಲ್ಲ."

ಪುಷ್ಪರಾಜ ನಿಟ್ಟುಸಿರು ಬಿಟ್ಟ. ಬೈಯಲಿಲ್ಲ. ಅವನ ಮುಖ ಮೃದುವಾಯಿತು. "ಇರಲಿ ಕಮಲ. ನಾವೇನು ಮುನಿಗಳಾ? ಸಂಸಾರಸ್ಥರು. ತಪ್ಪುತ್ತದೆ, ಅದಕ್ಕೆ ಪ್ರಾಯಶ್ಚಿತ್ತವೂ ಉಂಟು. ಭಾನುವಾರ ಬಸದಿಗೆ ಹೋಗುವ. ಒಂದು ಉಪವಾಸವೋ ಜಪವೋ ಹೇಳಿಯಾರು, ಇಬ್ಬರೂ ಮಾಡುವ."

"ತುಂಬ ಸುಲಭ ಇತ್ತು," ಎಂದಳು ಅವಳು. "ಹತ್ತು ನಿಮಿಷ ಕೂಡ ಹಿಡಿಯಲಿಲ್ಲ. ಇಷ್ಟು ಸುಲಭ ಅಂತ ಗೊತ್ತಿದ್ದಿದ್ದರೆ ಕಳೆದ ವರ್ಷವೇ ಮಾಡ್ತಿದ್ದೆ."

"ಕಳೆದ ವರ್ಷ ಗಿಡದಲ್ಲಿ ಹುಳ ಎಲ್ಲಿತ್ತು ಮಾರಾಯ್ತಿ? ಆಗ ಚಂದವೇ ಇತ್ತಲ್ಲ."

ಅವಳು ಗಂಡನ ಮುಖ ನೋಡಿದಳು. ಹೇಳುವುದಾದರೆ ಈಗ ಹೇಳಬೇಕು. ತಟ್ಟೆ, ಬಟ್ಟೆ, ಕಲ್ಲಿನ ಮರಿಗೆ, ಮೂರು ಮಾತು ಸಾಕು. ಆದರೆ ಅವನ ಕಣ್ಣು ನೋಡಿದಳು. ಎಷ್ಟೋ ತಿಂಗಳ ಮೇಲೆ ಹೆಂಡತಿಯ ಬಾಯಿಂದ ಒಂದರ ಹಿಂದೊಂದು ಮಾತು ಕೇಳಿ ಆ ಕಣ್ಣಿಗೆ ಸ್ವಲ್ಪ ಜೀವ ಬಂದಿತ್ತು. ಇನ್ನೊಂದು ಚಪಾತಿಗೆ ಅವನೇ ಕೈ ಚಾಚಿದ್ದ.

"ಹೌದು," ಎಂದಳು. "ಇರಲಿಲ್ಲ."

ಊಟ ಮುಗಿಸಿ ಅವನು ಜಗಲಿಗೆ ಹೋಗಿ ಬೆಳ್ತಂಗಡಿಯ ತಂಗಿಗೆ ಫೋನು ಮಾಡಿದ. ಗಟ್ಟಿ ಸ್ವರದ ಮನುಷ್ಯ, ಒಳಗೆ ಎಲ್ಲ ಕೇಳಿಸುತ್ತಿತ್ತು. "ಇವತ್ತು ನಿನ್ನ ಅತ್ತಿಗೆ ಮಾತಾಡಿದಳು. ಹೌದು, ಅವಳಾಗಿಯೇ. ಬಂಟ್ವಾಳಕ್ಕೆ ಒಬ್ಬಳೇ ಹೋಗಿ ಬಂದಿದ್ದಾಳೆ. ನಾನು ಹೇಳಿರಲಿಲ್ವಾ, ಸರಿಯಾಗ್ತಾಳೆ ಅಂತ? ಹೌದು, ಹೌದು. ಸರಿಯಾಗ್ತಿದ್ದಾಳೆ." ಮಾತಿನ ಕೊನೆಗೆ ಅವನು ಅಳುತ್ತಿದ್ದ.

ಕಮಲಾವತಿ ಎಂಜಲು ಬಟ್ಟಲು ಹಿಡಿದುಕೊಂಡು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು. ಇನ್ನು ಮೇಲೆ ತಾನು ಈ ಮನುಷ್ಯನಿಗೋಸ್ಕರ ದಿನಾ ಸರಿಯಾಗುತ್ತಲೇ ಇರಬೇಕು, ಸಾಯುವವರೆಗೆ, ಎಂದು ಅವಳಿಗೆ ಅರ್ಥವಾಯಿತು. ಬಟ್ಟಲು ತೊಳೆದಿಟ್ಟು, ಅವನ ಕಣ್ಣಿಗೆ ಸರಿಯಾದವಳ ಹಾಗೆ ಕಾಣಲೆಂದು ಮುಖ ಒರೆಸಿಕೊಂಡು ಜಗಲಿಗೆ ಹೋದಳು.